ಸರ್ವರ್ ಬದಲಿಸುವಾಗ ಫೋಲ್ಡರ್ ಲಿಂಕ್‌ಗಳನ್ನು ಸಾಗಿಸಿದ ಬಗೆ

ನಾನು ನೋಡಿಕೊಳ್ಳುವ ಲಿನಕ್ಸ್ ಸರ್ವರ್ ಒಂದರಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳಿವೆ. ಪ್ರತಿ ಪುಸ್ತಕದ ಪುಟಗಳೂ ಕ್ರಮಸಂಖ್ಯೆ ಹೊತ್ತ ಒಂದೇ ಫೋಲ್ಡರಿನಲ್ಲಿದ್ದು, ‘ಲೇಖಕರು’ ಮತ್ತು ‘ವಿಷಯ’ ಎಂಬ ಇನ್ನೆರಡು ಕಡೆ ಆ ಫೋಲ್ಡರಿಗೆ ಸಿಮ್‌ಲಿಂಕ್, ಅಂದರೆ ಅದು ಇರುವ ಜಾಗವನ್ನು ತೋರಿಸುವ ಕೊಂಡಿ, ಮಾತ್ರ ಇದೆ. ಒಟ್ಟು ಗಾತ್ರ ಸುಮಾರು 90 ಜಿಬಿ. ಇದನ್ನು 200 ಜಿಬಿ ಡಿಸ್ಕ್ ಇರುವ ಹೊಸ ಸರ್ವರಿಗೆ ಸಾಗಿಸಲು ರಾತ್ರಿ ಎಸ್‌ಸಿಪಿ ಎಂಬ, ಒಂದು ಯಂತ್ರದಿಂದ ಇನ್ನೊಂದಕ್ಕೆ ಕಡತಗಳನ್ನು ನಕಲಿಸುವ ಆಜ್ಞೆ ಓಡಿಸಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಡಿಸ್ಕ್ ತುಂಬಿ ಕೆಲಸ ನಿಂತಿತ್ತು. ಫೋಲ್ಡರುಗಳೊಳಗೆ ಇಳಿಯುವಾಗ ಲಿಂಕ್ ಎದುರಾದರೆ ಎಸ್‌ಸಿಪಿ ಅದರ ಜಾಡು ಹಿಡಿದು ಹೋಗಿ ಅಲ್ಲಿರುವ ಕಡತಗಳನ್ನೇ ತರುತ್ತದೆಯಾದ್ದರಿಂದ, ಒಂದೊಂದು ಪುಸ್ತಕವೂ ಮೂರು ಪ್ರತಿಯಾಗುತ್ತ ಹೋಗಿತ್ತು. ಕೈಪಿಡಿಯಲ್ಲಿ ಈ ಮಾತು ಸ್ಪಷ್ಟವಾಗಿಯೇ ಇದೆ, ನಾನು ಓದಿರಲಿಲ್ಲ.

ಆಮೇಲೆ, ಬದಲಾದದ್ದನ್ನಷ್ಟೇ ನಕಲಿಸುವ ಆರ್‌ಸಿಂಕ್ ಎಂಬ ಉಪಕರಣ ಹಿಡಿದೆ. ಅದರ ‘ಎ’ ಆಯ್ಕೆಯೊಳಗೆ ಸಣ್ಣಕ್ಷರದ ‘ಎಲ್’ ಸೇರಿರುವುದರಿಂದ ಲಿಂಕ್ ಲಿಂಕಾಗಿಯೇ ಹೋಗುತ್ತದೆ; ದೊಡ್ಡಕ್ಷರದ ‘ಎಲ್’ ಕೊಟ್ಟರೆ ಮತ್ತೆ ಎಸ್‌ಸಿಪಿಯ ಕಥೆಯೇ. ಆದರೆ ಹಿಂದಿನ ರಾತ್ರಿಯ ಅರೆಬರೆ ಪ್ರತಿಗಳ ಮೇಲೆಯೇ ಓಡಿಸಿದ್ದರಿಂದ, ಖಾಲಿಯಿಲ್ಲದ ಫೋಲ್ಡರನ್ನು ಅಳಿಸಲಾಗದು ಎಂಬ ದೂರುಗಳು ಸಾಲುಗಟ್ಟಿದವು: ಲಿಂಕ್ ಕೂರಬೇಕಾದ ಜಾಗದಲ್ಲಿ ನಿಜವಾದ ಫೋಲ್ಡರ್ ತುಂಬಿ ಕೂತಿತ್ತು. ಮೂಲದಲ್ಲಿ ಇಲ್ಲದ್ದನ್ನು ಅಳಿಸುವ ‘ಡಿಲೀಟ್’ ಆಯ್ಕೆಯಿಂದ ಇದು ಬಗೆಹರಿಯುತ್ತದೆ, ಆದರೆ ದಾರಿಯಲ್ಲಿ ಒಂದು ಓರೆಗೆರೆ (/) ತಪ್ಪಿದರೂ ಬೇಡದ ಕಡೆ ಅಳಿಸಿಹೋಗುವ ಭಯ ನನಗೆ ಇಂದಿಗೂ ಇದೆ. ಹಾಗಾಗಿ ಹೊಸ ಸರ್ವರಿನ ‘ಲೇಖಕರು’, ‘ವಿಷಯ’ ಫೋಲ್ಡರುಗಳನ್ನು ಕೈಯಾರೆ ತೆಗೆದು, ‘ಎನ್’ ಆಯ್ಕೆಯಿಂದ ಒಮ್ಮೆ ಏನನ್ನೂ ಬದಲಿಸದ ಒಣ ಅಭ್ಯಾಸ ಮಾಡಿ ನೋಡಿ, ನಂತರವೇ ನಿಜವಾಗಿ ಓಡಿಸಿದೆ.

ಗಾತ್ರ ಸರಿಹೋಯಿತು, ಆದರೆ ಒಂದು ಲಿಂಕೂ ತೆರೆಯಲಿಲ್ಲ. ಸಿಮ್‌ಲಿಂಕ್‌ನೊಳಗೆ ಇರುವುದು ದಾರಿಯ ಹೆಸರು ಮಾತ್ರ. ಆರ್‌ಸಿಂಕ್ ಅದನ್ನು ಇದ್ದಂತೆಯೇ ಒಯ್ಯುತ್ತದೆ. ನನ್ನ ಲಿಂಕ್‌ಗಳೆಲ್ಲ ಮೂಲ ಡೈರೆಕ್ಟರಿಯಿಂದ ಬರೆದ ಪೂರ್ಣ ದಾರಿಗಳಾಗಿದ್ದು, ಹೊಸ ಸರ್ವರಿನಲ್ಲಿ ಸಂಗ್ರಹದ ಜಾಗವೇ ಬೇರೆಯಾಗಿತ್ತು. ಹಳೆಯ ಸರ್ವರಿನಲ್ಲಿಯೇ ‘ಸಿಮ್‌ಲಿಂಕ್ಸ್’ ಎಂಬ ಪುಟ್ಟ ಉಪಕರಣದ ‘ಆರ್’ ಮತ್ತು ‘ಸಿ’ ಆಯ್ಕೆಗಳಿಂದ ಅವನ್ನೆಲ್ಲ ಸಾಪೇಕ್ಷ ದಾರಿಗಳಾಗಿ, ಅಂದರೆ ಲಿಂಕ್ ಇರುವ ಜಾಗದಿಂದಲೇ ಶುರುವಾಗುವ ದಾರಿಗಳಾಗಿ, ಬದಲಿಸಿ ಮತ್ತೆ ಆರ್‌ಸಿಂಕ್ ಓಡಿಸಿದಾಗ, ಪುಟಗಳು ಅಲುಗದೆ ಲಿಂಕ್‌ಗಳಷ್ಟೇ ಹೋದವು. ಫೈಂಡ್ ಆಜ್ಞೆಗೆ ‘ಎಕ್ಸ್‌ಟೈಪ್ ಎಲ್’ ಎಂದು ಕೊಟ್ಟು ಹುಡುಕಿದರೆ ಮುರಿದ ಲಿಂಕ್ ಒಂದೂ ಸಿಗಲಿಲ್ಲ.

ಒಂದೇ ಕಡತಕ್ಕೆ ಇನ್ನೊಂದು ಹೆಸರು ಕೊಡುವ ಹಾರ್ಡ್‌ಲಿಂಕ್‌ಗಳ ವಿಷಯ ಬೇರೆ: ಅವುಗಳಿಗೆ ‘ಎ’ ಸಾಲದು, ದೊಡ್ಡಕ್ಷರದ ‘ಎಚ್’ ಕೂಡ ಕೊಡಬೇಕು. ನನ್ನ ಸಂಗ್ರಹದಲ್ಲಿ ಅವು ಇರಲಿಲ್ಲ. ಹೊಸ ಪುಸ್ತಕ ಸೇರಿಸುವ ಸ್ಕ್ರಿಪ್ಟಿನಲ್ಲಿ ಈಗ ಲಿಂಕ್ ಸೃಷ್ಟಿಸುವ ಎಲ್‌ಎನ್ ಆಜ್ಞೆಗೆ ‘ಎಸ್’ ಜೊತೆ ‘ಆರ್’ ಕೂಡ ಹಾಕಿದ್ದೇನೆ. ಲಿಂಕ್ ಹುಟ್ಟುವಾಗಲೇ ಸಾಪೇಕ್ಷವಾಗಿರುತ್ತದೆ.