ಕೂಲಿಯ ಬಾಬ್ತನ್ನು ಉಳಿಸಿಕೊಂಡ ಬಗೆ

ಸೋಮವಾರಪೇಟೆ ಕಡೆಯ ಅರೇಬಿಕಾ ಕಾಫಿ ತೋಟಗಳಲ್ಲಿ ಬಿಳಿ ಕಾಂಡಕೊರಕ ಎಂಬ ದುಂಬಿಯ ಬಗ್ಗೆ ನಾವು ನಡೆಸುತ್ತಿದ್ದ ಪ್ರಯೋಗಕ್ಕೆ ಸರ್ಕಾರದ ಅನುದಾನವಿತ್ತು. ಒಂದು ವರ್ಷ ಡಿಸೆಂಬರಿನಲ್ಲಿ ವರ್ಷದ ನಡುವೆ ಬದಲಿಸಿದ ಬಜೆಟ್, ಅಂದರೆ ಪರಿಷ್ಕೃತ ಅಂದಾಜು, ಕೈಸೇರಿದಾಗ ಸಂಬಳದ ಬಾಬ್ತು ಹಾಗೆಯೇ ಇದ್ದು, ಸಾದಿಲ್ವಾರು (ಇತರೆ ಖರ್ಚಿನ) ವೆಚ್ಚ ಮಾತ್ರ ಅರ್ಧಕ್ಕಿಳಿದಿತ್ತು. ಗಿಡಗಿಡವನ್ನೂ ನೋಡಿ ದಾಖಲಿಸುವ ಕೆಲಸಗಾರರ ಕೂಲಿ ಸಂದಾಯವಾಗುತ್ತಿದ್ದುದು ಅದರಿಂದಲೇ.

ಈ ದುಂಬಿ ಮುಖ್ಯವಾಗಿ ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ ಹಾರಾಡಿ, ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಒಳಗೆ ಕೊರೆದಂತೆ ಕಾಂಡದ ಮೇಲೆ ಉಬ್ಬುಗೆರೆ ಮೂಡುತ್ತದೆ. ಕೈಯಾಡಿಸಿದರೆ ಬೆರಳಿಗೆ ತಗಲುತ್ತದೆ. ಅಂಥ ಗಿಡಗಳನ್ನು ಹುಡುಕುವ ಕೆಲಸವನ್ನು ತೋಟದವರು ಟ್ರೇಸಿಂಗ್ ಎನ್ನುತ್ತಾರೆ. ಹುಳು ಹೊಕ್ಕ ಗಿಡವನ್ನು ಕಿತ್ತು ಸುಡುವುದು ಹಾರಾಟಕ್ಕೆ ಮೊದಲೇ, ಅಂದರೆ ಮಾರ್ಚ್‌ನೊಳಗೆ, ಮುಗಿಯಬೇಕು. ಏಪ್ರಿಲ್‌ನಿಂದ ಶುರುವಾಗುವ ಹೊಸ ಆರ್ಥಿಕ ವರ್ಷದ ಹಣಕ್ಕೆ ಕಾಯುತ್ತಾ ಕುಳಿತರೆ ಅಷ್ಟರಲ್ಲಿ ದುಂಬಿ ಹೊರಬಿದ್ದಿರುತ್ತದೆ.

2020-21ರಲ್ಲಿ ದೇಶವು ಸಂಶೋಧನೆಗೆ ವೆಚ್ಚ ಮಾಡಿದ್ದು ಒಟ್ಟು ದೇಶೀಯ ಉತ್ಪನ್ನದ ಶೇ 0.64 ಮಾತ್ರ ಎಂಬುದರಿಂದ ನನ್ನ ಮನವಿಯ ಕರಡು ಶುರುವಾಗಿತ್ತು. ಹಣಕಾಸು ಶಾಖೆಯವರಿಗೆ ಅದು ಭಾಷಣವೆನಿಸುತ್ತದೆಂದು ಹೊಡೆದುಹಾಕಿ, ತಿಂಗಳುವಾರು ಕೂಲಿದಿನಗಳ ಲೆಕ್ಕವನ್ನೂ, ಯಾವ ವಾರದ ಎಣಿಕೆ ತಪ್ಪಿದರೆ ಮತ್ತೆ ಸಿಗುವುದಿಲ್ಲ ಎಂಬುದನ್ನೂ ಒಂದೇ ಪುಟದಲ್ಲಿ ಬರೆದೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನೆ ಆರಂಭವಾಗಿ, ಎಸ್.795 ಎಂಬ ಅರೇಬಿಕಾ ತಳಿ ಬೆಳೆಗಾರರ ಕೈಸೇರಲು ಸುಮಾರು ಎರಡು ದಶಕ ಬೇಕಾಯಿತು ಎಂಬ ಸಾಲನ್ನು ಮಾತ್ರ ಉಳಿಸಿಕೊಂಡೆ. ಲಗತ್ತುಗಳನ್ನು ಜೋಡಿಸುವಾಗ ಹಿಂದಿನ ವರ್ಷದ ಅನುದಾನ ಹೇಗೆ ಖರ್ಚಾಯಿತೆಂದು ತಿಳಿಸುವ ಬಳಕೆ ಪ್ರಮಾಣಪತ್ರ ಸಹಿಯಾಗದೆ ನನ್ನ ಮೇಜಿನಲ್ಲೇ ಉಳಿದಿದ್ದುದು ಕಣ್ಣಿಗೆ ಬಿತ್ತು. ಕಡಿತದಲ್ಲಿ ನನ್ನ ಪಾಲೂ ಇತ್ತು. ಅದನ್ನು ಅದೇ ದಿನ ಕಳುಹಿಸಿದೆ.

ಸರ್ಕಾರಿ ನೌಕರನಾಗಿ ನಾನು ಸಂಸದರ ಬಾಗಿಲಿಗೆ ಹೋಗುವಂತಿರಲಿಲ್ಲ, ಹೋಗಲೂ ಬಾರದು. ಫೆಬ್ರವರಿಯಲ್ಲಿ ಸುತ್ತಲಿನ ಬೆಳೆಗಾರರನ್ನು ಪ್ರಯೋಗದ ತಾಕಿಗೆ ಕರೆದು, ಒಂದು ಕಾಂಡವನ್ನು ಕತ್ತಿಯಿಂದ ಸೀಳಿ ತೋರಿಸಿದೆ. ಸುರಂಗದ ತುಂಬ ಹಿಟ್ಟಿನಂತೆ ಪುಡಿ ಒತ್ತಿಕೊಂಡಿತ್ತು. "ಇದನ್ನು ದಿಲ್ಲಿಯವರಿಗೆ ಯಾರು ತೋರಿಸುತ್ತಾರೆ ಸಾರ್?" ಎಂದು ಕೇಳಿದ ಹಿರಿಯರೊಬ್ಬರು, ಬಜೆಟ್ ಮಂಡನೆಯ ನಂತರ ಇಲಾಖೆಗಳ ಅನುದಾನ ಬೇಡಿಕೆಗಳನ್ನು ಪರಿಶೀಲಿಸುವ ಸಂಸದೀಯ ಸ್ಥಾಯಿ ಸಮಿತಿಗೂ ಸಂಸದರಿಗೂ ತಮ್ಮ ಸಂಘದಿಂದ ಪತ್ರ ಬರೆಸಿದರು.

ಮಾರ್ಚ್ ಎರಡನೆಯ ವಾರ ಕೂಲಿಯ ಮೊತ್ತ ಮರಳಿ ಮಂಜೂರಾಯಿತು. ಯಾವ ಕಾಗದ ಕೆಲಸ ಮಾಡಿತೆಂದು ಕಡತದಲ್ಲಿ ಬರೆದಿರಲಿಲ್ಲ. ಜೀಪಿನ ಇಂಧನದ ಹಣ ಬರಲಿಲ್ಲ. ಹತ್ತಿರದ ತಾಕುಗಳಿಗೆ ಬೈಕಿನಲ್ಲಿ ಹೋಗಿ ಎಣಿಕೆ ಮುಗಿಸಿದೆವು. ಶಾಂತಳ್ಳಿ ಕಡೆಯ ತಾಕಿಗೆ ಹೋಗಲಾಗಲಿಲ್ಲ. ವಹಿಯಲ್ಲಿ ಅದರ ಆ ವರ್ಷದ ಅಂಕಣ ಖಾಲಿಯಾಗಿಯೇ ಇದೆ.