ಪ್ರೀಮಿಯಂ ಪ್ರಶ್ನೆ ಕೊನೆಗಿರಲಿ: ದೇಶ ದೇಶದ ಆರೋಗ್ಯ ವಿಮೆ ಹೋಲಿಸುವ ಬಗೆ

ಓದಿಗೋ ಕೆಲಸಕ್ಕೋ ಬೇರೆ ದೇಶಕ್ಕೆ ಹೊರಟವರು ಮೊದಲು ಕೇಳುವುದು ‘ಅಲ್ಲಿ ಪ್ರೀಮಿಯಂ ಎಷ್ಟು?’ ಅಂತ. ಕೆಲವು ದೇಶಗಳಲ್ಲಿ ಪ್ರೀಮಿಯಂ ಅನ್ನುವುದೇ ಇಲ್ಲ. ಆದರೂ ದುಡ್ಡು ಹೋಗೇ ಹೋಗುತ್ತದೆ.

1. ದುಡ್ಡು ಯಾವ ದಾರಿಯಲ್ಲಿ ಹೋಗುತ್ತದೆ, ಮೊದಲು ಅದನ್ನು ನೋಡಿ. ಬ್ರಿಟನ್ನಿನಲ್ಲಿ 1948ರಿಂದ ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆ ಇದೆ, ಅದು ನಡೆಯುವುದು ಬಹುಪಾಲು ತೆರಿಗೆ ಹಣದಲ್ಲಿ. ಆದರೆ ಅಲ್ಲಿ ಆರು ತಿಂಗಳಿಗಿಂತ ಜಾಸ್ತಿ ಇರಲು ವೀಸಾ ಕೇಳುವ ಹೆಚ್ಚಿನವರು ಆರೋಗ್ಯ ಶುಲ್ಕ ಕಟ್ಟಬೇಕು. 2024ರಲ್ಲಿ ಅದು ವರ್ಷಕ್ಕೆ 1,035 ಪೌಂಡ್‌ಗೆ ಏರಿತು, ವಿದ್ಯಾರ್ಥಿಗಳಿಗೆ 776. ವೀಸಾದ ಅಷ್ಟೂ ವರ್ಷಗಳದ್ದು ಒಟ್ಟಿಗೇ! ಜರ್ಮನಿಯ ಸಾರ್ವಜನಿಕ ವಿಮೆಯಲ್ಲಿ ಸಂಬಳದ ಶೇ 14.6, ಅದರ ಮೇಲೊಂದು ಹೆಚ್ಚುವರಿ ಪಾಲು. ಅರ್ಧ ಕಂಪನಿಯದು, ಅರ್ಧ ನಿಮ್ಮ ಸಂಬಳದಲ್ಲೇ ಮುರಿಯುತ್ತಾರೆ.

2. ಮನೆಯ ತಲೆ ಎಣಿಸಿ. ದುಡಿಮೆ ಇಲ್ಲದ ಗಂಡ ಅಥವಾ ಹೆಂಡತಿ, ಮಕ್ಕಳು ಜರ್ಮನಿಯ ಈ ವಿಮೆಯಲ್ಲಿ ಬೇರೆ ಕಂತಿಲ್ಲದೆ ಸೇರುತ್ತಾರೆ. ಪಕ್ಕದ ಸ್ವಿಟ್ಜರ್ಲೆಂಡಿನಲ್ಲಿ ಹಸುಗೂಸಿಗೂ ಪ್ರತ್ಯೇಕ ಪ್ರೀಮಿಯಂ. ಒಬ್ಬರಿಗೆ ಅಗ್ಗ ಅನ್ನಿಸಿದ್ದು ನಾಲ್ವರಿಗೆ ಹಾಗಿರುವುದಿಲ್ಲ.

3. ಎರಡು ವರ್ಷಗಳ ಲೆಕ್ಕ ಬರೆಯಿರಿ. ನೆಗಡಿ ಬಿಟ್ಟರೆ ಏನೂ ಆಗದ ವರ್ಷ ಒಂದು, ಆಪರೇಷನ್ ಆದ ವರ್ಷ ಇನ್ನೊಂದು. ನನ್ನ ಕೇಳಿದರೆ ಇಡೀ ಹೋಲಿಕೆಯ ಜೀವಾಳ ಇದೇ. ಸ್ವಿಟ್ಜರ್ಲೆಂಡಿನ ಕಡ್ಡಾಯ ವಿಮೆಯನ್ನೇ ತೆಗೆದುಕೊಳ್ಳಿ. ವಿಮೆ ಹಣ ಕೊಡುವ ಮೊದಲು ನೀವು ಕೈಯಿಂದ ಹಾಕಬೇಕಾದ ಮೊತ್ತ, ಅಂದರೆ ಡಿಡಕ್ಟಿಬಲ್, ದೊಡ್ಡವರಿಗೆ 300ರಿಂದ 2,500 ಫ್ರಾಂಕ್. ಅದಾದ ಮೇಲೂ ಬಿಲ್ಲಿನ ಶೇ 10 ನಿಮ್ಮದೇ, ವರ್ಷಕ್ಕೆ 700 ಫ್ರಾಂಕ್ ತನಕ. 2,500 ಆರಿಸಿದರೆ ಪ್ರೀಮಿಯಂ ಇಳಿಯುತ್ತದೆ ನಿಜ. ಆಪರೇಷನ್ ಆದ ವರ್ಷ ಮಾತ್ರ ಪ್ರೀಮಿಯಂ ಬಿಟ್ಟು 3,200 ಹೋಗುತ್ತದೆ. 300 ಆರಿಸಿದವರಿಗೆ 1,000ಕ್ಕೆ ಮುಗಿಯುತ್ತದೆ. ಆಸ್ಪತ್ರೆಯ ದಿನದ ಸಣ್ಣ ಶುಲ್ಕ ಬೇರೆ.

ಅಮೆರಿಕದಲ್ಲಿ ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನ, ಅಂದರೆ ಜನ ವಿಮೆ ಹೋಲಿಸಿ ಕೊಳ್ಳುವ ತಾಣದ, ಪಾಲಿಸಿಗಳಿಗೆ 2025ರಲ್ಲಿ ಈ ಕೈಖರ್ಚಿನ ಮಿತಿ ಒಬ್ಬರಿಗೆ 9,200 ಡಾಲರ್. ಅದೂ ನೆಟ್‌ವರ್ಕ್‌ನ, ಅಂದರೆ ವಿಮಾ ಕಂಪನಿಯ ಜೊತೆ ಒಪ್ಪಂದ ಇರುವ, ಆಸ್ಪತ್ರೆಗೆ ಹೋದರೆ. ಜಪಾನಿನಲ್ಲಿ 70 ತುಂಬದ ದೊಡ್ಡವರು ಬಿಲ್ಲಿನ ಶೇ 30 ಕೊಡುತ್ತಾರೆ, ಆದರೆ ಆದಾಯ ನೋಡಿ ತಿಂಗಳಿಗೊಂದು ಮಿತಿ ಇದೆ.

4. ಏನೇನು ಸೇರಿಲ್ಲ ಅನ್ನುವ ಪಟ್ಟಿ ಓದಿ. ಹಲ್ಲು, ಕನ್ನಡಕ, ಔಷಧಿ, ಆಂಬುಲೆನ್ಸ್, ಈ ನಾಲ್ಕರಲ್ಲೇ ಜನ ಎಡವುವುದು. ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ನಲ್ಲಿ ಆಂಬುಲೆನ್ಸ್ ಖರ್ಚು ಸೇರಿಲ್ಲ.

5. ಮೊತ್ತವನ್ನು ನಿಮ್ಮ ಕರೆನ್ಸಿಗೆ ಬದಲಿಸಿ ಸುಮ್ನೆ ಗಾಬರಿಯಾಗಬೇಡಿ. ಅಲ್ಲಿ ಕೈಗೆ ಬರುವ ಸಂಬಳದಲ್ಲಿ ಅದು ಶೇಕಡಾ ಎಷ್ಟು ಎಂದು ನೋಡಿ.

6. ವಿಮೆ ಯಾವ ದಿನದಿಂದ ಶುರು? ಕೆನಡಾದ ಕಾನೂನಿನ ಪ್ರಕಾರ ಪ್ರಾಂತ್ಯಗಳು ಹೊಸಬರನ್ನು ಮೂರು ತಿಂಗಳವರೆಗೆ ಕಾಯಿಸಬಹುದು. ಹಾಗೆ ಕಾಯಿಸುವ ಪ್ರಾಂತ್ಯಕ್ಕೆ ಹೋಗುವುದಾದರೆ ಆ ತಿಂಗಳುಗಳಿಗೆ ಖಾಸಗಿ ಪಾಲಿಸಿಯನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ, ಅದರ ಕಂತನ್ನೂ ಮೊದಲ ವರ್ಷದ ಲೆಕ್ಕಕ್ಕೆ ಸೇರಿಸಿ. ಈಗ ಪ್ರೀಮಿಯಂ ಕೇಳಬಹುದು.