ಜೀನ್ಸ್‌ನ ಕಲೆ ಹೋಗಲಿ, ನೀಲಿ ಉಳಿಯಲಿ

ಹಳೆಯ ಜೀನ್ಸ್ ಪ್ಯಾಂಟಿನ ಅಂಚಿನಿಂದ ನೀಲಿ ಎಳೆಯೊಂದನ್ನು ಎಳೆದು, ಉಗುರಿನಿಂದ ಅದರ ಹುರಿ ಬಿಚ್ಚಿ ನೋಡಿದರೆ ಒಳತಿರುಳು ಬೆಳ್ಳಗೇ ಇರುವುದು ಕಾಣುತ್ತದೆ. ಇಂಡಿಗೊ ಬಣ್ಣವು ನೂಲಿನ ಒಡಲಿಗೆ ಪೂರ್ತಿ ಇಳಿಯದೆ ಮೇಲ್ಪದರದಲ್ಲೇ ಕುಳಿತಿರುವುದರಿಂದ, ತಿಕ್ಕಿದಷ್ಟೂ ಉದುರುತ್ತದೆ. ಹೊಸ ಜೀನ್ಸ್‌ಗೆ ಮಾಸಿದ ನೋಟ ಬರಿಸಲು ಕಾರ್ಖಾನೆಗಳು ಪ್ಯೂಮಿಸ್ ಕಲ್ಲನ್ನೂ ಬ್ಲೀಚನ್ನೂ ಬಳಸುವುದು ಈ ಗುಣವನ್ನೇ ನಂಬಿ. ಬಳ್ಳಾರಿಯಂಥ ಜೀನ್ಸ್ ಊರಿನ ವಾಷಿಂಗ್ ಘಟಕಗಳು ಕೂಲಿ ಪಡೆದು ಮಾಡುವ ಆ ಕೆಲಸವನ್ನು ನಾವು ಒಗೆಯುವ ಕಲ್ಲಿನ ಮೇಲೆ ಬ್ರಷ್ ಹಿಡಿದು ಪುಕ್ಕಟೆಯಾಗಿ ಮಾಡಿಬಿಡುತ್ತೇವೆ. ನನ್ನ ಪ್ಯಾಂಟೊಂದರ ಮೊಣಕಾಲಿನಿಂದ ಸಾರಿನ ಕಲೆಯೇನೋ ಹೋಯಿತು, ಅದರ ಜಾಗದಲ್ಲಿ ಅಂಗೈಯಗಲದ ಬಿಳಿ ಮಚ್ಚೆ ಉಳಿಯಿತು.

ಆದ್ದರಿಂದ ಕಲೆಯನ್ನು ಉಜ್ಜದೆ, ಒತ್ತಿ ತೆಗೆಯಬೇಕು. ಯಾವ ದ್ರಾವಣವನ್ನೇ ಆಗಲಿ, ಮೊದಲು ಕಾಲಂಚಿನ ಒಳಮಡಿಕೆಗೆ ಹಚ್ಚಿ, ಬಿಳಿ ಬಟ್ಟೆಯಿಂದ ಒಂದು ನಿಮಿಷ ಒತ್ತಿ ನೋಡಿರಿ. ಬಟ್ಟೆಗೆ ಗಾಢ ನೀಲಿ ಹತ್ತಿದರೆ ಅದನ್ನು ಬಳಸಬೇಡಿ.

ನಮ್ಮ ಮನೆಗಳಲ್ಲಿ ಹೆಚ್ಚು ಕಾಡುವುದು ಎಣ್ಣೆ ಮತ್ತು ಅರಿಸಿನ ಕೂಡಿದ ಸಾರು, ಪಲ್ಯಗಳ ಕಲೆ. ಮೇಲಿನ ಜಿಡ್ಡನ್ನು ಕಾಗದದಿಂದ ಒತ್ತಿ ತೆಗೆದು, ಕಾರ್ನ್‌ಫ್ಲೋರ್ ಅಥವಾ ಟಾಲ್ಕಮ್ ಪೌಡರನ್ನು ದಪ್ಪಗೆ ಉದುರಿಸಿ, ಅರ್ಧ ಗಂಟೆ ಬಿಟ್ಟು ಕೊಡವಿರಿ. ಬಳಿಕ ಪಾತ್ರೆ ತೊಳೆಯುವ ದ್ರವವನ್ನು ಎರಡು ಹನಿ ಹಾಕಿ, ಬೆರಳ ತುದಿಯಿಂದ ಮೃದುವಾಗಿ ಸವರಿ, ಹತ್ತು ನಿಮಿಷ ಬಿಡಿ. ಪ್ಯಾಂಟನ್ನು ಒಳಮಗ್ಗುಲು ಹೊರಗೆ ಮಾಡಿ, ಕಲೆಯ ಕೆಳಗೆ ಬಿಳಿ ಬಟ್ಟೆಯಿಟ್ಟು, ಹಿಂಬದಿಯಿಂದ ತಣ್ಣೀರಿನ ಒದ್ದೆ ಬಟ್ಟೆ ಒತ್ತಿದರೆ, ಕಲೆ ಬಂದ ದಾರಿಯಲ್ಲೇ ಹಿಂದಿರುಗಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ. ಬಟ್ಟೆ ಸೋಪು ತಾಗಿದೊಡನೆ ಅರಿಸಿನ ಕೆಂಪಾದರೆ ಗಾಬರಿ ಬೇಡ. ಸುಣ್ಣ ಬೆರೆತಾಗ ಅದು ಕುಂಕುಮದ ಬಣ್ಣಕ್ಕೆ ತಿರುಗುವಂತೆಯೇ ಇದೂ. ಉಳಿದ ಹಳದಿಯನ್ನು ಬಿಸಿಲು ಕಳೆಯುತ್ತದೆ. ಬಿಸಿಲು ಇಂಡಿಗೊವನ್ನೂ ಮಾಸಿಸುವುದರಿಂದ ಕಲೆಯಷ್ಟನ್ನೇ ತೆರೆದಿಟ್ಟು, ಮಿಕ್ಕ ಭಾಗಕ್ಕೆ ಟವೆಲ್ ಹೊದಿಸಿ, ಆಗಾಗ ನೋಡುತ್ತಿರಬೇಕು. ಬೈಕಿನ ಚೈನಿನ ಗ್ರೀಸಿಗೂ ಪೌಡರು, ಪಾತ್ರೆ ದ್ರವಗಳ ಇದೇ ಕ್ರಮ ಸಾಕು. ಸೀಮೆಎಣ್ಣೆಯ ಹಳೆಯ ರೂಢಿ ವಾಸನೆಗೂ ಬೆಂಕಿಯ ಭಯಕ್ಕೂ ದಾರಿ.

ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರಿನಲ್ಲಿ ಅದು ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಬಾಲ್‌ಪೆನ್ನಿನ ಶಾಯಿಗೆ ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿಯನ್ನು ಅಂಚಿನಿಂದ ನಡುವಿಗೆ ಒತ್ತುತ್ತಾ, ಹತ್ತಿ ನೀಲಿಯಾದಂತೆಲ್ಲ ಬದಲಿಸಿರಿ. ಚಹಾ, ಕಾಫಿಗೆ ಎರಡು ಚಮಚ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಸಾಕು. ಕೆಸರನ್ನು ಒಣಗಲು ಬಿಟ್ಟು ಕೊಡವಿದರೆ ಅರ್ಧ ಕೆಲಸ ಮುಗಿದಂತೆ.

ಕೊನೆಗೆ ಪೂರ್ತಿ ಒಗೆಯುವಾಗ ಜಿಪ್ ಹಾಕಿ, ಒಳಮಗ್ಗುಲು ಹೊರಗಿರಿಸಿ, ಬ್ಲೀಚ್ ಇಲ್ಲದ ದ್ರವ ಮಾರ್ಜಕದೊಡನೆ ತಣ್ಣೀರಿನಲ್ಲಿ ಒಗೆದು, ಹಿಂಡದೆ ನೆರಳಿನಲ್ಲಿ ಹರವಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ಇಂಡಿಗೊ ವಿಷಯದಲ್ಲಿ ಸಲ್ಲದು. ಒಣಗಿದ ಮೇಲೂ ಕಲೆಯ ನೆರಳು ಕಂಡರೆ ಇಸ್ತ್ರಿಪೆಟ್ಟಿಗೆಯನ್ನು ದೂರವಿಡಿ; ಶಾಖ ತಾಗಿದ ಕಲೆ ಮತ್ತೆ ಸಡಿಲುವುದು ಕಷ್ಟ, ಶಾಖ ತಾಗದ್ದು ಎರಡನೆಯ ಸಲಕ್ಕೆ ಸಾಮಾನ್ಯವಾಗಿ ಬಿಡುತ್ತದೆ.